ಸುಲಭಾ ಮಾವಶಿಯ ಸಮಾಧಾನ

ಬೆಳಿಗ್ಗೆ ಎದ್ದು ಮೊಬೈಲು ತೆಗೆದರೆ ನಮ್ಮ ವಾರ್ಡಿನ ನಗರಸೇವಕ, ಅಂದರೆ ಕಾರ್ಪೊರೇಟರ್, ಸಾಹೇಬರ ಮುಖ. ಕೈಮುಗಿದ ಫೋಟೋ, ಪಕ್ಕದಲ್ಲೊಂದು ಗುಲಾಬಿ, ಕೆಳಗೆ ಇದ್ದುದರಲ್ಲಿ ತೃಪ್ತರಾಗಿರಿ ಎಂದು ಮರಾಠಿಯಲ್ಲಿ ಉಪದೇಶ. ದಿನವೂ ಬರುತ್ತದೆ, ಅಳಿಸಿ ಅಳಿಸಿ ನನ್ನ ಹೆಬ್ಬೆರಳು ಸವೆಯಿತು. ಸಾಹೇಬರಿಗೆ ಮಿರಜದಲ್ಲೊಂದು ಬಂಗಲೆ, ಸಾಂಗ್ಲಿಯಲ್ಲೊಂದು ಬಂಗಲೆ. ಕುಪವಾಡದಲ್ಲಿ ಇನ್ನೊಂದಕ್ಕೆ ಪಾಯ ತೋಡಿಸಿದ್ದಾರೆ. ತೃಪ್ತಿಯನ್ನು ಮಾತ್ರ ನಮ್ಮ ಪಾಲಿಗೆ ಬಿಟ್ಟಿದ್ದಾರೆ. ನೀವೇ ಹೇಳಿ, ಚಹಾ ಕುಡಿಯುವ ಮೊದಲೇ ಇಂಥದ್ದನ್ನು ನೋಡಿದರೆ ಮೈ ಉರಿಯುವುದಿಲ್ಲವೇ?

ಈ ಮುಖ ಕಂಡಾಗೆಲ್ಲ ನನಗೆ ಸುಲಭಾ ಮಾವಶಿ ಎದ್ದು ನಿಂತದ್ದು ನೆನಪಾಗುತ್ತದೆ. ಮಾವಶಿ, ಅಂದರೆ ಚಿಕ್ಕಮ್ಮ, ಎಂದು ನಾವು ಕರೆಯುವ ಅವರು ನಮ್ಮ ಪಕ್ಕದ ಮನೆಯವರು, ಕ್ರೈಸ್ತರು. ಬೆಳಗಾವಿ ಕಡೆಯಿಂದ ನರ್ಸ್ ಕೆಲಸಕ್ಕೆಂದು ಮಿರಜಕ್ಕೆ ಬಂದು ಇಲ್ಲೇ ಮುಪ್ಪಾದವರು. ಚರ್ಚಿನಲ್ಲಿ ಮರಾಠಿ, ಮನೆಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ನಮ್ಮದು ಅರಿಸಿನ ವ್ಯಾಪಾರದ ಲಿಂಗಾಯತ ಮನೆ. ವ್ಯಾಪಾರದವಳಾದ ನನಗೆ ಲಾಭನಷ್ಟ ಬಿಟ್ಟರೆ ಬೇರೆ ಮಾತು ಬರುವುದಿಲ್ಲವೆಂದು ಅವರ ದೂರು.

ಅವರ ಗಂಡನನ್ನು ಹೂಳಿದ ಸ್ಮಶಾನಕ್ಕೆ ಸಾಹೇಬರು ಸರಕಾರದ ದುಡ್ಡಿನಲ್ಲಿ ಕಂಪೌಂಡು ಕಟ್ಟಿಸಿದ್ದರು. ಮೊದಲ ಮಳೆಗಾಲಕ್ಕೇ ಅದು ಮಲಗಿತು. ಸಿಮೆಂಟಿಗಿಂತ ಉಸುಕೇ ಹೆಚ್ಚು. ಉಗುರಿನಿಂದ ಕೆರೆದರೆ ಉದುರುತ್ತಿತ್ತು. ಸಾಹೇಬರ ಹೆಸರು ಕೊರೆದ ಗ್ರಾನೈಟು ಮಾತ್ರ ನೆಟ್ಟಗೆ ನಿಂತಿತ್ತು. ಹಂದಿ, ನಾಯಿಗಳು ಗೋರಿಗಳ ಮಣ್ಣು ಕೆದರತೊಡಗಿದವು. ನಾವೂ ನಮ್ಮವರನ್ನು ಮಣ್ಣಿಗೇ ಕೊಡುವವರು. ನೋಡಿ ನನಗೂ ಸಂಕಟವಾಯಿತು.

ಆ ವರ್ಷ ಚರ್ಚಿನ ಸುಗ್ಗಿ ಹಬ್ಬಕ್ಕೆ ಮಾವಶಿ ನನ್ನನ್ನೂ ಕರೆದೊಯ್ದರು. ವೇದಿಯ ಮುಂದೆ ಕುಂಬಳಕಾಯಿ, ಜೋಳದ ತೆನೆ, ಕಬ್ಬು. ಪಕ್ಕದಲ್ಲಿ ಎಂದೂ ಇರದ ಒಂದು ಸೋಫಾ, ಅದರ ಮೇಲೆ ಸಾಹೇಬರು. ಇನ್ನೊಂದು ಗೋಡೆಯ ಭರವಸೆ ಕೊಡಲು ಬಂದಿದ್ದರು. ಪಾದ್ರಿ ಹೊಸಬರು, ಮೆತ್ತನೆಯ ಮನುಷ್ಯ. ಅನ್ನ ಬಟ್ಟೆ ಇದ್ದರೆ ಸಾಕೆಂದುಕೊಳ್ಳಿ, ಗೊಣಗಬೇಡಿ, ಆಸೆ ಮನುಷ್ಯನನ್ನು ಕೆಡಿಸುತ್ತದೆ ಎಂದು ಬೋಧಿಸಿದರು. ಬೆಂಚುಗಳ ಮೇಲೆ ಕುಳಿತವರು ಯಾರು? ಕಾರ್ಖಾನೆಯ ಕೂಲಿಗಳು, ನರ್ಸುಗಳು, ಪಿಂಚಣಿಯವರು. ಬೋಧನೆಯೆಲ್ಲ ಅವರಿಗೇ. ಸೋಫಾದ ಕಡೆ ಪಾದ್ರಿಯ ಕತ್ತು ಒಮ್ಮೆಯೂ ತಿರುಗಲಿಲ್ಲ.

ಮಾವಶಿ ಎದ್ದು ನಿಂತರು. ನಾನು ಸೆರಗು ಹಿಡಿದು ಜಗ್ಗಿದೆ. ಅವರು ಮರಾಠಿಯಲ್ಲಿ ಅಂದದ್ದು ನಮ್ಮ ಮಾತಿನಲ್ಲಿ ಹೀಗೆ: "ಪಾದ್ರಿಯವರ, ನಮಗ ಇದ್ದದ್ದು ಸಾಕಾಗೇದರಿ, ಗೋಡಿ ಬಿದ್ರೂ ಸುಮ್ಮನಿದ್ದೀವಿ. ಬೈಬಲ್ಲಿನಾಗ ಹಳೇ ಕಣಜ ಕೆಡವಿ ದೊಡ್ಡ ಕಣಜ ಕಟ್ಟಾಕ ಹೊಂಟು ಅವತ್ತ ರಾತ್ರಿನ ಸತ್ನಲ್ಲ, ಆ ಸಾಹುಕಾರನ ಕಥಿ ಯಾಕ ಬಿಟ್ರಿ? ಅದನ್ನ ಸೋಫಾದ ಕಡೆ ತಿರುಗಿ ಹೇಳ್ರಿ."

ಸಾಹೇಬರು ಈಗ ಬೆವರುತ್ತಾರೆ ಎಂದುಕೊಂಡೆ. ಎಲ್ಲಿಯ ಬೆವರು! ನಗುತ್ತ ಬಂದು ಮಾವಶಿಯ ಕಾಲು ಮುಟ್ಟಿದರು. "ಇವರು ನನ್ನ ತಾಯಿ ಇದ್ದಂಗ. ತಾಯಿ ಬೈದ್ರ ಅದು ಆಶೀರ್ವಾದ," ಅಂದರು. ಜನ ಚಪ್ಪಾಳೆ ಹೊಡೆದರು. ಗೋಡೆ ನುಂಗಿದವನಿಗೆ ಚಪ್ಪಾಳೆ! ಮಾವಶಿ ಮಾತ್ರ ನಿಂತೇ ಇದ್ದರು, ಒಬ್ಬರೇ.

ಸಂಜೆ ಪಾದ್ರಿ ಮಾವಶಿಯ ಮನೆಗೆ ಬಂದರು. ನಾನೂ ಅಲ್ಲೇ ಇದ್ದೆ. "ಗೋಡಿ ಇನ್ನ ಬರಂಗಿಲ್ಲ ಮಾವಶಿ. ಸಾಹೇಬ್ರು ಫೋನ್ ಎತ್ತವಲ್ರು," ಅಂದರು. ಅಳು ಬಂದಂತಿತ್ತು ದನಿ.

"ಗೋಡಿ ಇಲ್ಲಂತ ಸತ್ತವರೇನು ಎದ್ದು ಓಡಿ ಹೋಗಂಗಿಲ್ಲ. ಕುಂದ್ರಿ, ಚಹಾ ಕುಡೀರಿ."

"ನಾ ಹೇಳಿದ್ದು ತಪ್ಪೇನ್ರಿ? ಸಮಾಧಾನದಿಂದ ಇರ್ರಿ ಅಂತ ಸ್ವಾಮಿನೇ ಕಲಿಸ್ಯಾನಲ್ರಿ?"

"ಕಲಿಸ್ಯಾನ. ಆದ್ರ ಬಾಯಿ ಮುಚ್ಚಿಕೊಂಡು ಕುಂದ್ರೂದು ಸಮಾಧಾನ ಅಲ್ಲರಿ. ನನ್ನ ಬಾಯಿ ಮುಚ್ಚಾಕ ಕೊಡೂವಂಥಾದ್ದು ಆ ಮನಷ್ಯಾನ ಕಡೆ ಏನೂ ಇಲ್ಲ, ಅದು ಸಮಾಧಾನ. ನಿಮ್ಮ ಬಾಯಿ ಒಂದು ಗೋಡಿಗೆ ಮುಚ್ಚಿತಲ್ರಿ!"

ಪಾದ್ರಿ ಕುಳಿತರು. ಚಹಾ ಆರಿದ ಮೇಲೆ ಕುಡಿದರು. ಕೆಲವು ದಿನ ಬಿಟ್ಟು ಅವರೇ ಬಂದು, "ನಡೀರಿ, ಸಾಂಗ್ಲಿಯ ಮಹಾನಗರಪಾಲಿಕೆ ಆಫೀಸಿಗೆ ಹೋಗೂಣು. ಮೊದಲಿನ ಗೋಡಿ ಯಾಕ ಬಿತ್ತು ಅಂತ ಕೇಳೂಣು," ಅಂದರು.

ಹೋದರು. ಆಫೀಸಿನಲ್ಲಿ ನಾಳೆ ಬನ್ನಿ ಅಂದರು. ಆ ನಾಳೆ ಇನ್ನೂ ಮುಗಿದಿಲ್ಲ. ನಡುವೆ ಚುನಾವಣೆಯಾಯಿತು, ಸಾಹೇಬರು ಮತ್ತೆ ಆರಿಸಿಬಂದರು. ಮಾವಶಿಯ ಮೊಣಕಾಲು ಸೋತಿವೆ, ಬಸ್ಸು ಹತ್ತಲಾಗುವುದಿಲ್ಲ. ಈಗ ಪಾದ್ರಿಯ ಜೊತೆ ನಾನು ಹೋಗುತ್ತೇನೆ. ಅರಿಸಿನದ ಧಾರಣೆ ಬಿಟ್ಟು ಬೇರೇನೂ ವಿಚಾರಿಸದಿದ್ದ ನಾನು!

ಇವತ್ತೂ ಹೋಗಿದ್ದೆವು. ಗುಮಾಸ್ತ ನನ್ನ ಹಣೆಯ ವಿಭೂತಿ ನೋಡಿ, "ಅಕ್ಕಾರ, ಆ ಸ್ಮಶಾನದಾಗ ನಿಮ್ಮವರು ಯಾರೂ ಇಲ್ಲ. ನಿಮಗೇನು ಬೇಕಾಗೇದರಿ?" ಅಂದ.

"ನನಗೇನೂ ಬ್ಯಾಡ್ರಿ," ಅಂದೆ.

ಏನಾದರೂ ಬೇಕೆಂದು ಬಂದವರನ್ನು ಸಾಗಹಾಕುವುದು ಅವನಿಗೆ ರೂಢಿ. ಏನೂ ಬೇಡದವಳನ್ನು ಏನು ಹೇಳಿ ಕಳಿಸಬೇಕೋ ತಿಳಿಯದೆ ಪೆನ್ನು ಕೆಳಗಿಟ್ಟ. ಕೊನೆಗೆ ಕುರ್ಚಿ ತೋರಿಸಿದ. ನಾನು ಕುಳಿತೆ.