ಬಕೆಟ್ ಮೇಲೆ ಕೂತ ದಲ್ಲಾಳಿ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಬಡಾವಣೆಯ ಮೂಲೆಯ ಖಾಲಿ ಸೈಟಿನಲ್ಲಿ ದಲ್ಲಾಳಿ ಬಕೆಟ್ ಬೋರಲು ಹಾಕಿಕೊಂಡು ಕೂತಿದ್ದಾರೆ. ಪಕ್ಕದ ಮನೆಯ ಕಿಟಕಿಯಿಂದ ಒಂದು ವೈರು ಕಾಂಪೌಂಡ್ ದಾಟಿ ಬಂದಿದೆ. ಸೈಟು ಕೊಳ್ಳಲು ಬಂದ ಬಡಗಿ ಅದಕ್ಕೆ ಮರ ನಯಮಾಡುವ ಮೆಷೀನು ಸಿಕ್ಕಿಸುತ್ತಿದ್ದಾನೆ.

ಕೆಳಗೆ ಅಂಗಡಿ, ಮೇಲೆ ಮನೆ ಕಟ್ಟಲು ಅನುಮತಿಯಿರುವ ಸೈಟು ಇದು. ಕಾಗದಪತ್ರ ಚೊಕ್ಕವಾಗಿವೆ. ಆದರೂ ದಲ್ಲಾಳಿ ವ್ಯಾಪಾರ ಕುದುರಿಸಿಲ್ಲ. ಕೊಳ್ಳುವವರು ಒಂದು ಬೆಳಿಗ್ಗೆ ತಮ್ಮ ಕಸುಬನ್ನು ಆ ಮಣ್ಣಿನ ಮೇಲೇ ನಡೆಸಿ ತೋರಿಸಬೇಕು, ಕರೆಂಟನ್ನು ನೆರೆಯವರಲ್ಲೇ ಕೇಳಿ ತರಬೇಕು. ಇದು ದಲ್ಲಾಳಿ ತಾವೇ ಹಾಕಿಕೊಂಡಿರುವ ಕಟ್ಟಳೆ.

"ಆಫೀಸಿನವರು ಸೀಲು ಹಾಕಿ ಮನೆಗೆ ಹೋಗ್ತಾರೆ. ಇವನು ಬಾಳಬೇಕಾಗಿರೋದು ಈ ಅಮ್ಮನ ಪಕ್ಕ" ಎಂದು ಪಕ್ಕದ ಮನೆಯತ್ತ ಕೈ ತೋರಿಸುತ್ತಾರೆ. ಇವನು ಸೈಟು ಮಾರೋದಲ್ಲ, ಸಂಬಂಧ ಕುದುರಿಸೋದು ಎಂದು ಉಳಿದ ದಲ್ಲಾಳಿಗಳು ಇವರನ್ನು ಕಂಡು ನಗುತ್ತಾರಂತೆ. ವರ್ಷಕ್ಕೆ ಐದಾರು ಸೈಟು ಕೈದಾಟಿದರೆ ಅದೇ ಹೆಚ್ಚು.

ಈ ದಲ್ಲಾಳಿಯ ಅಪ್ಪ ತಗಡಿನ ಡಬ್ಬ ಮಾಡುತ್ತಿದ್ದವರು. ಹೋದಲ್ಲೆಲ್ಲ ಸುತ್ತಿಗೆಯ ಸದ್ದಿಗೆ ತಕರಾರು. ಮಗನ ಬಾಲ್ಯ ಗಂಟುಮೂಟೆ ಕಟ್ಟುವುದರಲ್ಲೇ ಕಳೆಯಿತು. ಬಡಗಿಯದೂ ಅದೇ ಪಾಡು. ಬಾಡಿಗೆ ಶೆಡ್ಡುಗಳಿಂದ ಎದ್ದು ಎದ್ದು ಸಾಕಾಗಿ, ದುಡಿದದ್ದನ್ನೆಲ್ಲ ಈ ಸೈಟಿಗೆ ಸುರಿಯಲು ಹೊರಟಿದ್ದಾನೆ. ಕಟ್ಟಿದ ಮೇಲೆ ಏಳಬೇಕಾಗಿ ಬಂದರೆ ಮತ್ತೆ ನಿಲ್ಲುವ ಶಕ್ತಿ ಅವನಿಗಿಲ್ಲ.

ಮೆಷೀನು ಶುರುವಾಗುತ್ತದೆ. ಪಕ್ಕದ ಮನೆಯೊಳಗೆ ಮಗು ಕಿಟಾರನೆ ಕಿರುಚುತ್ತದೆ. ಬಡಗಿ ತಟ್ಟನೆ ನಿಲ್ಲಿಸಿ ವೈರು ಸುತ್ತತೊಡಗುತ್ತಾನೆ. ಅವನ ಮುಖ ನೋಡಲಾಗುವುದಿಲ್ಲ.

ದಲ್ಲಾಳಿ ಬಕೆಟ್‌ನಿಂದ ಏಳುವುದಿಲ್ಲ. "ಇರಪ್ಪ, ಅಮ್ಮ ಬರಲಿ."

ಪಕ್ಕದ ಮನೆಯ ಅಜ್ಜಿ ಮೊಮ್ಮಗಳನ್ನು ಸೊಂಟದ ಮೇಲಿಟ್ಟುಕೊಂಡು ಬರುತ್ತಾರೆ. "ಕಿಟಕಿ ಮುಂದೇನೇ ಓಡಿಸಿದ್ರೆ ಮಗು ಏಳದೆ ಇನ್ನೇನು? ಆ ಹಿಂದಿನ ಮೂಲೆಗೆ ತಗೊಂಡು ಹೋಗು, ನೋಡೋಣ."

ಮೂಲೆಯಿಂದ ಸದ್ದು ಅರ್ಧಕ್ಕರ್ಧ ಇಳಿದು ಬರುತ್ತದೆ. ಮಗು ಕಿವಿಗೊಟ್ಟು ಕೇಳಿ, ಮತ್ತೆ ಅಜ್ಜಿಯ ಹೆಗಲಿಗೆ ಒರಗುತ್ತದೆ. ಮಧ್ಯಾಹ್ನ ಇವಳು ಮಲಗಿದಾಗ ಮೆಷೀನು ಬೇಡ, ಕೈಕೆಲಸ ಮಾಡಿಕೋ ಎಂದು ಅಜ್ಜಿ ಹೇಳಿ ಒಳಗೆ ಹೋಗುತ್ತಾರೆ. ವೈರು ಕೀಳುವುದಿಲ್ಲ.

ಬಡಗಿ ಹಿಮ್ಮಡಿಯಿಂದ ಮಣ್ಣಿನಲ್ಲಿ ಗೆರೆ ಎಳೆಯುತ್ತಾನೆ: ಮೆಷೀನಿನ ಕೋಣೆ ಹಿಂದಕ್ಕೆ. ಆಮೇಲೆ ದಲ್ಲಾಳಿಯ ಎದುರು ನಿಂತು, ನಿಮಗೇನು ಕೊಡಲಿ ಅಣ್ಣ ಎಂದು ಕೇಳುತ್ತಾನೆ.

ದಲ್ಲಾಳಿ ಎದ್ದು ಬಕೆಟ್ ಎತ್ತಿಕೊಂಡು, ನೋಯುವ ಸೊಂಟ ಒತ್ತಿಕೊಳ್ಳುತ್ತಾರೆ.

"ಕಮಿಷನ್ ಹೇಗೂ ಬರುತ್ತೆ. ಅಂಗಡಿ ಶುರುವಾದ್ಮೇಲೆ ಒಂದು ಸ್ಟೂಲ್ ಮಾಡಿಕೊಡು. ಮುಂದಿನ ಸೈಟಲ್ಲಿ ಕೂರೋಕೆ."