ಗೇಟು ಬಿತ್ತು

ಈ ಊರಿನಲ್ಲಿ ರೈಲ್ವೆ ಗೇಟು ತೆರೆದಿದ್ದರೂ ಕಾರುಗಳು ನಿಲ್ಲುತ್ತವೆ. ರೈಲು ಬರುತ್ತಿಲ್ಲ, ಗಂಟೆ ಹೊಡೆಯುತ್ತಿಲ್ಲ, ಕೆಂಪು ದೀಪವೂ ಇಲ್ಲ. ಆದರೂ ಪ್ರತಿಯೊಬ್ಬರೂ ಹಳಿಯ ಮುಂದೆ ಗಾಡಿ ನಿಲ್ಲಿಸಿ, ಕೆಲವರಂತೂ ಕಿಟಕಿಯ ಗಾಜು ಇಳಿಸಿ, ಎಡಕ್ಕೂ ಬಲಕ್ಕೂ ನೋಡಿ, ಕಿವಿಗೊಟ್ಟು ಕೇಳಿ, ಆಮೇಲೆ ದಾಟುತ್ತಾರೆ. ಬಂದ ಮೊದಲ ದಿನ ಇದನ್ನು ಕಂಡು ನಾನು ರಸ್ತೆಯ ಪಕ್ಕದಲ್ಲಿ ಸುಮ್ಮನೆ ನಿಂತುಬಿಟ್ಟೆ. ಗೇಟು ಹಾಕಿದ್ದಾಗಲೇ ಸೈಕಲ್ಲನ್ನು ಓರೆ ಮಾಡಿಕೊಂಡು ಕಂಬಿಯ ಕೆಳಗೆ ನುಸುಳುವ ಜನರ ನಡುವೆ ಬೆಳೆದವಳು ನಾನು. ಚನ್ನಪಟ್ಟಣದಲ್ಲಿ ತೆರೆದ ಗೇಟಿನ ಮುಂದೆ ಯಾರಾದರೂ ಗಾಡಿ ನಿಲ್ಲಿಸಿದರೆ ಪೆಟ್ರೋಲು ಮುಗಿದಿರಬೇಕು, ಇಲ್ಲವೇ ಮನೆಯಲ್ಲಿ ಜಗಳವಾಗಿರಬೇಕು.

ಇದು ಜಪಾನಿನ ನಾಗಾನೊ ಎಂಬ ಗುಡ್ಡಗಾಡು ಸೀಮೆಯ ಒಂದು ಸಣ್ಣ ಪಟ್ಟಣ. ರಾಮನಗರದಲ್ಲಿ ನರ್ಸಿಂಗ್ ಓದಿದ ನಾನು ಇಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಮನೆಯಲ್ಲಿ ಕೆಲಸಕ್ಕಿದ್ದೇನೆ. ಮೀಯಿಸುವುದು, ಉಣ್ಣಿಸುವುದು, ಕೈಹಿಡಿದು ನಡೆಸುವುದು. ಈ ಕೆಲಸಕ್ಕೆ ಇಲ್ಲಿಯವರು ‘ಕಾಯ್ಗೊ’ ಎನ್ನುತ್ತಾರೆ. ನಮ್ಮ ಕಡೆ ಇದಕ್ಕೆ ಹೆಸರೇ ಇಲ್ಲ, ಸೊಸೆಯರು ಮಾಡಿಕೊಂಡು ಹೋಗುತ್ತಾರೆ.

ಮನೆಯ ಮೇಲ್ವಿಚಾರಕಿ ಮೊರಿ ಸಾನ್. ‘ಸಾನ್’ ಎಂದರೆ ನಮ್ಮ ‘ಅವರು’ ಇದ್ದ ಹಾಗೆ. ನಾನು ಬಂದ ದಿನವೇ ಅವರು ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದ್ದರು: ಮೂರು ತಿಂಗಳು ನೋಡುತ್ತೇವೆ, ಅಷ್ಟರಲ್ಲಿ ಹಿರಿಯರ ಜೊತೆ ನೀವೇ ಮಾತಾಡುವಂತಾದರೆ ಇರಬಹುದು, ಆಗದಿದ್ದರೆ ಊರಿಗೆ ಹೊರಡಬೇಕಾಗುತ್ತದೆ. ಬೆಂಗಳೂರಿನಲ್ಲಿ ಭಾಷೆ ಕಲಿತು ಪರೀಕ್ಷೆ ಪಾಸಾಗಿ ಬಂದವಳೇ ನಾನು. ಆದರೆ ಕಲಿಸಿದ ಜಪಾನಿಯನ್ನು ಇಲ್ಲಿ ಯಾರೂ ಆಡುತ್ತಿರಲಿಲ್ಲ. ಹಲ್ಲಿಲ್ಲದ ಬಾಯಿಂದ ಬರುವ ಹಳ್ಳಿಯ ಮಾತಿಗೆ ನನ್ನಲ್ಲಿದ್ದ ಉತ್ತರ ಒಂದೇ: ‘ಹಾಯ್.’ ಅಂದರೆ ಹೌದು. ನೀರು ಬೇಕೆ ಎಂದರೂ ಹೌದು, ನಿನಗೆ ಏನಾದರೂ ಅರ್ಥವಾಯಿತೇ ಎಂದರೂ ಹೌದು.

ನನ್ನ ಕೋಣೆ ಒಂದೇ. ನೆಲಕ್ಕೆ ಚಾಪೆಯಂಥ ದಪ್ಪ ಹಾಸು, ಗೋಡೆಯಾಚೆ ನೆರೆಯವರಿದ್ದಾರೆ ಎಂಬುದು ನಲ್ಲಿಯ ಸದ್ದಿನಿಂದ ಮಾತ್ರ ಗೊತ್ತು. ಕಸವನ್ನು ತಪ್ಪು ದಿನ ಹೊರಗಿಟ್ಟಿದ್ದಕ್ಕೆ ಯಾರೋ ಅದನ್ನು ಮಡಿಸಿ, ಗಂಟು ಹಾಕಿ, ಮತ್ತೆ ನನ್ನ ಬಾಗಿಲಿಗೇ ತಂದಿಟ್ಟಿದ್ದರು. ಬಾಗಿಲು ತಟ್ಟಿ ಬೈದಿದ್ದರೆ ಎಷ್ಟು ಚೆನ್ನಾಗಿತ್ತು! ಊರಿಂದ ತಂದ ರಾಗಿ ಹಿಟ್ಟಿನಲ್ಲಿ ಅನ್ನದ ಕುಕ್ಕರಿನೊಳಗೇ ಮುದ್ದೆ ತಿರುವಿ ಒಬ್ಬಳೇ ಉಣ್ಣುತ್ತಿದ್ದೆ. ಮುದ್ದೆಯನ್ನು ಒಬ್ಬರಿಗೆಂದು ಕಟ್ಟುವುದು ನನಗಿನ್ನೂ ಬಂದಿಲ್ಲ, ಯಾವಾಗಲೂ ಮಿಕ್ಕುತ್ತದೆ.

ಹೀಗಿದ್ದಾಗ ನನಗೆ ಜೊತೆಯಾದದ್ದು ಗೇಟು. ಇಲ್ಲಿ ಅದಕ್ಕೆ ‘ಫುಮಿಕಿರಿ’ ಎನ್ನುತ್ತಾರೆ. ಕಾನ್ ಕಾನ್ ಕಾನ್ ಎಂದು ಗಂಟೆ, ಎರಡು ಕೆಂಪು ದೀಪ ಒಂದಾದ ಮೇಲೊಂದು ಕಣ್ಣು ಮಿಟುಕಿಸುತ್ತವೆ, ರೈಲು ಯಾವ ಕಡೆಯಿಂದ ಬರುತ್ತಿದೆ ಎಂದು ಬಾಣದ ಗುರುತೂ ಹೊತ್ತಿಕೊಳ್ಳುತ್ತದೆ. ಹಳದಿ ಕಪ್ಪು ಪಟ್ಟಿಯ ಕೋಲು ಇಳಿಯುತ್ತದೆ. ಎರಡೇ ಬೋಗಿಯ ರೈಲು ನಾಚಿಕೊಂಡಂತೆ ಹಾದು ಹೋಗುತ್ತದೆ. ಕೋಲು ಏಳುತ್ತದೆ. ಮುಗಿಯಿತು. ಯಾರೂ ಇಳಿಯಲಿಲ್ಲ, ಯಾರೂ ಯಾರನ್ನೂ ಏನೂ ಕೇಳಲಿಲ್ಲ. ನಾನು ಮಾತ್ರ ಮೊಬೈಲು ಹಿಡಿದು ವಿಡಿಯೋ ಮಾಡುತ್ತಾ ನಿಂತಿರುತ್ತಿದ್ದೆ.

ಈ ಹುಚ್ಚು ಚಿಕ್ಕಂದಿನದು. ಚನ್ನಪಟ್ಟಣದಲ್ಲಿ ನಮ್ಮಪ್ಪನ ಹೋಟೆಲು ಇರುವುದು ರೈಲ್ವೆ ಗೇಟಿನ ಪಕ್ಕದಲ್ಲೇ. ಚಿಕ್ಕಪ್ಪ ಮದುವೆಗಳ ವಿಡಿಯೋ ತೆಗೆಯುವವರು. ಆಷಾಢದಲ್ಲಿ ಮದುವೆ ಇರುವುದಿಲ್ಲವಲ್ಲ, ಕ್ಯಾಮೆರಾ ಖಾಲಿ. ಹಳೆಯ ಕ್ಯಾಸೆಟ್ ಹಾಕಿ ನನ್ನ ಕೈಗೆ ಕೊಟ್ಟುಬಿಡುತ್ತಿದ್ದರು. ಬೇರೆ ಹುಡುಗಿಯರು ರಂಗೋಲಿ ಎಳೆ ಎಣಿಸುವಾಗ ನಾನು ಸಿಗ್ನಲ್ಲು ಕೆಂಪಿನಿಂದ ಹಸಿರಾಗುವ ಆ ಒಂದು ಗಳಿಗೆಗಾಗಿ ಕಣ್ಣು ಪಿಳುಕಿಸದೆ ಕಾಯುತ್ತಿದ್ದೆ. “ಹೆಣ್ಣು ನೋಡಾಕ್ ಬಂದೋರ್ಗೆ ಏನಂತ ಹೇಳ್ಳಿ? ನಮ್ ಹುಡ್ಗಿ ಗೇಟ್ ಕಾಯ್ತಾಳೆ ಅನ್ಲಾ?” ಎಂದು ಅವ್ವ ಸೌಟು ಹಿಡಿದೇ ಕೇಳುತ್ತಿದ್ದಳು.

ಗೇಟ್‌ಮನ್ ಚಕ್ರ ತಿರುಗಿಸಿದ ಕೂಡಲೇ ಅಪ್ಪ ಒಳಗೆ ಕೂಗುತ್ತಿದ್ದರು: “ಗೇಟ್ ಬಿತ್ತು! ಹಾಲಿಕ್ಕು!” ಗೇಟು ಬಿತ್ತೆಂದರೆ ನಮಗೆ ವ್ಯಾಪಾರ. ಬಸ್ಸಿನವರು, ಗೂಡಿನ ಚೀಲ ಹೊತ್ತು ಅಕ್ಕೂರಿನಿಂದ ರಾಮನಗರದ ಮಾರ್ಕೆಟ್ಟಿಗೆ ಹೊರಟ ರೇಷ್ಮೆ ಬೆಳೆಗಾರರು, ಬೊಂಬೆ ಸಾಬರು, ಎಲ್ಲರೂ ಇಳಿದು ಟೀ ಕುಡಿಯುತ್ತಿದ್ದರು.

“ಏನ್ಲಾ, ಇವತ್ತೂ ರೈಲು ಲೇಟಾ?”

“ನಿನ್ ಮದ್ವೆ ಥರಾನೇ ಕಣ್ಲಾ. ಬತ್ತದೆ ಬತ್ತದೆ ಅಂತಾರೆ, ಬರಾಕಿಲ್ಲ.”

ನನ್ನ ಕ್ಯಾಸೆಟ್ಟುಗಳಲ್ಲಿ ರೈಲಿಗಿಂತ ಇಂಥ ಮಾತೇ ಹೆಚ್ಚು ತುಂಬಿಕೊಂಡಿದೆ. ಆಗ ಅದು ನನಗೆ ಸಿಟ್ಟು. ಅವನ್ನೆಲ್ಲ ಚಿಕ್ಕಪ್ಪ ಆಮೇಲೆ ಮೊಬೈಲಿಗೆ ಹಾಕಿಕೊಟ್ಟರು, ಇಲ್ಲಿಗೆ ಜೊತೆಯಲ್ಲೇ ತಂದೆ.

ಮೂರನೆಯ ತಿಂಗಳು ಮುಗಿಯುತ್ತಾ ಬಂದಿತ್ತು. ಒಂದು ಬೆಳಿಗ್ಗೆ ಫುಮಿಕಿರಿಯಲ್ಲಿ ಸಿಕ್ಕಿಕೊಂಡು ಕೆಲಸಕ್ಕೆ ಒಸಿ ತಡವಾಯಿತು. ಇಲ್ಲಿ ಒಸಿ ತಡವೆಂಬುದಿಲ್ಲ, ತಡವೆಂದರೆ ತಡ. ಮೊರಿ ಸಾನ್ ಬಾಗಿಲಲ್ಲೇ ನಿಂತಿದ್ದರು. ಏನಾದರೂ ಹೇಳಲೇಬೇಕಲ್ಲ ಎಂದು ನಾನು ಮನಸ್ಸಿನೊಳಗಿನ ಕನ್ನಡವನ್ನು ಇದ್ದ ಹಾಗೇ ಜಪಾನಿಗೆ ಇಳಿಸಿದೆ: “ಫುಮಿಕಿರಿ ಗಾ ಓಚಿಮಾಶಿತಾ.” ಗೇಟು ಬಿತ್ತು.

ಮೊರಿ ಸಾನ್ ಮುಖದ ಬಣ್ಣವೇ ಹೋಯಿತು. “ಬಿತ್ತೇ? ರೈಲು ಬರುತ್ತಿತ್ತೇ?”

“ಹಾಯ್.”

“ಅಲ್ಲಿ ಜನರಿದ್ದರೇ?”

“ಹಾಯ್, ಹಾಯ್. ತುಂಬ ಜನ,” ಎಂದು ನಕ್ಕೆ. ನನ್ನೊಂದಿಗೆ ಇಷ್ಟು ಹೊತ್ತು ಮಾತಾಡುತ್ತಿದ್ದಾರಲ್ಲ ಎಂಬ ಸಂತೋಷ ನನಗೆ.

ಅವರು ಓಡಿಹೋಗಿ ಫೋನು ಮಾಡಿದರು. ಆ ಕಡೆಯ ರೈಲನ್ನು ಹಿಂದಿನ ನಿಲ್ದಾಣದಲ್ಲೇ ಕೆಲಹೊತ್ತು ನಿಲ್ಲಿಸಿದರಂತೆ. ಈ ದೇಶದಲ್ಲಿ ಅದು ಸಣ್ಣ ವಿಷಯವಲ್ಲ. ಆಮೇಲೆ ಟೋಪಿ ತೊಟ್ಟ ಒಬ್ಬ ರೈಲಿನವರು ನಮ್ಮ ಬಾಗಿಲಿಗೇ ಬಂದು, ಫುಮಿಕಿರಿಗೆ ಏನೂ ಆಗಿಲ್ಲ, ತಿಳಿಸಿದ್ದಕ್ಕೆ ವಂದನೆ ಎಂದು ಬಗ್ಗಿದರು. ಅವರಿಗಿಂತ ಕೆಳಗೆ ಮೊರಿ ಸಾನ್ ಬಗ್ಗಿದರು. ನಾನು ಇಬ್ಬರಿಗಿಂತಲೂ ಕೆಳಗೆ ಬಗ್ಗಿದೆ, ಏಳಲು ಧೈರ್ಯ ಬರಲಿಲ್ಲ.

ಅವರು ಹೋದ ಮೇಲೆ ಮೊರಿ ಸಾನ್ ನನ್ನನ್ನು ದೊಡ್ಡ ಕೋಣೆಯಲ್ಲಿ ಕೂರಿಸಿಕೊಂಡು ಕೇಳಿದರು: “ಏನು ಬಿತ್ತು, ಹೇಳಿ.” ಊರಿಗೆ ಹೊರಡುವುದು ಖಾತ್ರಿ ಎಂದುಕೊಂಡೆ. ಹೇಳಲು ಪದವಿಲ್ಲದೆ ಮೊಬೈಲು ತೆಗೆದು ನಮ್ಮ ಗೇಟಿನ ವಿಡಿಯೋ ಹಾಕಿ ತೋರಿಸಿದೆ. ಕಂಬಿ ಇಳಿಯಿತು, ಅಪ್ಪ ಕೂಗಿದರು, ಬಸ್ಸು ನಿಂತಿತು, ಸೈಕಲ್ಲಿನವನೊಬ್ಬ ಕಂಬಿಯ ಕೆಳಗೆ ನುಸುಳಿದ. ಸುತ್ತ ಕುರ್ಚಿಯಲ್ಲಿದ್ದ ಹಿರಿಯರೂ ಕತ್ತು ಚಾಚಿದರು. ಅವರಲ್ಲಿ ಸಕಾಯ್ ಸಾನ್ ಎಂಬ ಮುದುಕ, ಹಿಂದೆ ಬೇಸಾಯ ಮಾಡಿದವರು, ಅಲ್ಲಿಯವರೆಗೆ ನನ್ನತ್ತ ಮುಖ ತಿರುಗಿಸಿಯೂ ನೋಡಿರಲಿಲ್ಲ. ಅವರ ಹಳ್ಳಿಯ ಜಪಾನಿ ಆವತ್ತು ನನ್ನ ಕಿವಿಗೆ ನಮ್ಮ ಕಡೆಯ ಮಾತಿನ ಹಾಗೇ ಕೇಳಿಸಿತು. ಹಾಗೇ ಬರೆಯುತ್ತೇನೆ.

“ಅಲ್ಲಾ ಕಣಮ್ಮಿ, ಅವ್ನ್ಯಾಕೆ ಕೆಳ್ಗಡೆ ನುಗ್ತಾವ್ನೆ? ಸಾಯಾಕಾ?”

“ಇಲ್ಲ, ಆಫೀಸಿಗೆ.”

ಯಾರೋ ಕಿಸಕ್ಕನೆ ನಕ್ಕರು. ಸಕಾಯ್ ಸಾನ್ ಬಿಡಲಿಲ್ಲ. “ರೈಲು ಬರೋಗಂಟ ಇವ್ರೆಲ್ಲಾ ಏನ್ ಮಾತಾಡ್ತಾವ್ರೆ?”

ಗೂಡಿನ ರೇಟು, ಎಂದೆ. ಗೂಡೆಂದರೇನು ಎಂದಾಗ ಹಿಪ್ಪುನೇರಳೆ, ಹುಳ, ನೂಲು ಎಂದು ಕೈಸನ್ನೆಯಲ್ಲೇ ಬಿಡಿಸಿದೆ. ಅವರ ಮನೆಯಲ್ಲೂ ಅಟ್ಟದ ಮೇಲೆ ರೇಷ್ಮೆ ಹುಳ ಸಾಕುತ್ತಿದ್ದರಂತೆ! ಹುಳ ಸೊಪ್ಪು ಮೇಯುವ ಸದ್ದು ರಾತ್ರಿಯೆಲ್ಲ ಮಳೆ ಬಿದ್ದ ಹಾಗೆ ಇರುತ್ತಿತ್ತು ಎಂದು ಒಬ್ಬ ಅಜ್ಜಿ ಹೇಳಿದರು. ವಿಡಿಯೋದಲ್ಲಿ ಹೋಟೆಲಿನ ತಟ್ಟೆಯಲ್ಲಿರುವ ಆ ಕಪ್ಪು ಉಂಡೆ ಏನು ಎಂದು ಇನ್ನೊಬ್ಬರು ಕೇಳಿದರು. ಮುದ್ದೆ, ಎಂದೆ. ಇಲ್ಲಿ ‘ಸೊಬಾಗಾಕಿ’ ಎಂದು ಒಂದಿದೆ, ಕಪ್ಪಗಿನ ಹಿಟ್ಟನ್ನು ಬಿಸಿನೀರಲ್ಲಿ ತಿರುವಿ ಮಾಡುವುದು. ಅದೇ ಇದು ಎಂದು ಅವರ ತೀರ್ಮಾನ. ಅಗಿಯುತ್ತೀರಾ ಎಂದರು. ಇಲ್ಲ, ನುಂಗುವುದು ಎಂದೆ. ಎಲ್ಲರೂ ಬೆಚ್ಚಿಬಿದ್ದರು. ಮುದುಕರಿಗೆ ಅದು ಅಪಾಯವಲ್ಲವೇ ಎಂದು ಮೊರಿ ಸಾನ್ ಕೂಡ ಕೇಳಿದರು. ನಮ್ಮೂರಲ್ಲಿ ಮುದುಕರೇ ಹೆಚ್ಚು ನುಂಗುವುದು ಎಂದೆ.

ಆ ವಿಡಿಯೋ ಯಾವಾಗಲೋ ಮುಗಿದಿತ್ತು. ನಾವು ಇನ್ನೂ ಮಾತಾಡುತ್ತಲೇ ಇದ್ದೆವು.

ಮೊರಿ ಸಾನ್ ಎದ್ದು ನಿಂತು ಹೇಳಿದರು: “ಫುಮಿಕಿರಿ ಬೀಳುವುದಿಲ್ಲ, ಮುಚ್ಚುತ್ತದೆ. ಇದೊಂದು ಸರಿಮಾಡಿಕೊಳ್ಳಿ. ನಾಳೆಯಿಂದ ಸಕಾಯ್ ಸಾನ್ ಅವರ ಸ್ನಾನ ನಿಮ್ಮದೇ, ಜೊತೆಗೆ ಯಾರೂ ಬೇಡ.” ಇರಬಹುದು ಎನ್ನುವುದಕ್ಕೆ ಅವರು ಆಡಿದ ಮಾತು ಅಷ್ಟೇ.

ಊಟದ ಬಿಡುವಿನಲ್ಲಿ ಹಿತ್ತಲಿಗೆ ಹೋಗಿ ಊರಿಗೆ ಫೋನು ಮಾಡಿದೆ. ಅಲ್ಲಿ ಆಗಿನ್ನೂ ಬೆಳಗಿನ ಇಡ್ಲಿಯ ಹೊತ್ತು. ತಟ್ಟೆಗಳ ಸದ್ದು, ಅಣ್ಣನ ಗಲಾಟೆ, ನಡುವೆ ಅಪ್ಪ.

“ಅಪ್ಪಾ, ಇಟ್ಕಂಡ್ರು! ಮಾತು ಬತ್ತದೆ ಅಂತ ಒಪ್ಕಂಡ್ರು!”

“ಹೌದೇನವ್ವಾ? ಒಳ್ಳೇದಾಯ್ತು ಬುಡು. ಲೇ, ನಮ್ ಮಗೀನ ಇಟ್ಕಂಡ್ರಂತೆ ಕಣ್ರೋ!” ಎಂದು ಅಪ್ಪ ಟೀ ಕುಡಿಯುವವರಿಗೆಲ್ಲ ಸಾರಿದರು. ಆಮೇಲೆ ಅವರ ದನಿ ಹತ್ತಿರ ಬಂತು, ಬಹುಶಃ ಒಳಗೆ ನಡೆದಿರಬೇಕು. “ಮೂರು ತಿಂಗ್ಳು ಅಂದಿದ್ಯಲ್ಲ, ಎಲ್ಲಿ ಬಂದ್ಬುಡ್ತೀಯೋ ಅಂತ ಒಳಕೋಣೆಗೆ ಬಣ್ಣ ಹೊಡ್ಸಿದ್ದೆ ಕಣವ್ವ. ಇರ್ಲಿ ಬುಡು. ಗೋಡೆಗೂ ಬೇಕಾಗಿತ್ತು.”

ಯಾವ ಬಣ್ಣ ಎಂದು ಕೇಳಬೇಕೆನಿಸಿತು. ಅಷ್ಟರಲ್ಲಿ ಒಳಗಿನಿಂದ ಸಕಾಯ್ ಸಾನ್ ನನ್ನ ಹೆಸರನ್ನು ತಮಗೆ ಬಂದ ಹಾಗೆ ತಿರುಚಿ ಕರೆದರು. ಈ ದೇಶದಲ್ಲಿ ನನ್ನ ಹೆಸರು ಹಿಡಿದು ಒಬ್ಬರು ಕರೆದದ್ದು ಅದೇ ಮೊದಲು.

“ಕೆಲ್ಸಕ್ಕೆ ಹೊತ್ತಾಯ್ತು,” ಎಂದೆ. ಎಲ್ಲಿಗೆ ಹೊರಟರೂ ಬಾಗಿಲಲ್ಲಿ ನಿಂತು ಹೇಳುವ ಮಾತನ್ನೇ ರೂಢಿಯಂತೆ ಹೇಳಿದೆ. “ಬತ್ತೀನಪ್ಪಾ.”

ಅಪ್ಪನಿಗೆ ಆ ಮಾತಿನ ರೂಢಿ ಗೊತ್ತಿಲ್ಲದೆ ಇಲ್ಲ, ನನಗೆ ಕಲಿಸಿದವರೇ ಅವರು. ಆದರೂ ಕೇಳಿಬಿಟ್ಟರು:

“ಯಾವಾಗವ್ವಾ?”