ಸುತ್ತಿನೊಳಗೆ ನಿಲ್ಲುವ ಪರೀಕ್ಷೆ

ಹಾವಿಗೆ ಹೆದರದ, ಸಾಹೇಬರಿಗೂ ಅಷ್ಟಿಷ್ಟೇ ಹೆದರುವ ನಾನು ಒಂದು ಹಾಳೆಗೆ ಹೆದರುತ್ತೇನೆ ಎಂದರೆ ನೀವು ನಗಬಾರದು. ಆ ಹಾಳೆಯ ತುಂಬ ಕಡಲೆಕಾಳಿನಷ್ಟು ಸುತ್ತುಗಳು. ಒಂದೊಂದು ಪ್ರಶ್ನೆಗೆ ಎ, ಬಿ, ಸಿ, ಡಿ ಎಂದು ನಾಲ್ಕು ಸುತ್ತು. ಸರಿಯುತ್ತರದ ಸುತ್ತನ್ನು ಮಗು ಪೆನ್ನಿನಿಂದ ಕಪ್ಪು ಮಾಡಬೇಕು. ಮಿಕ್ಕಿದ್ದನ್ನು ಯಂತ್ರ ನೋಡಿಕೊಳ್ಳುತ್ತದೆ. ಸುರಪುರದ ಹತ್ತಿರದ ಹಳ್ಳಿಯೊಂದರಲ್ಲಿ ಮೂರನೆಯ ತರಗತಿಗೆ ಪಾಠ ಹೇಳುವ ನನ್ನ ಮಾನ ಮರ್ಯಾದೆಯೂ ಈಗ ಆ ಯಂತ್ರದ ಕೈಯಲ್ಲಿದೆ.

ಸುತ್ತು ಮನುಷ್ಯನಿಗೆ ಮೊದಲಿನಿಂದಲೂ ಪ್ರೀತಿಯ ಆಕಾರ. ಸೂರ್ಯ, ಗಾಲಿ, ಹಣೆಯ ಕುಂಕುಮ, ನನ್ನ ಕೈಗೆ ಇವತ್ತಿಗೂ ಒಲಿಯದ ಜೋಳದ ರೊಟ್ಟಿ. ನಮ್ಮ ಹಿರಿಯರಂತೂ ಏನೂ ಇಲ್ಲ ಎಂಬುದಕ್ಕೂ ಒಂದು ಸುತ್ತು ಬರೆದು, ಸೊನ್ನೆ ಎಂದು ಕರೆದು, ಲೋಕಕ್ಕೆಲ್ಲ ಲೆಕ್ಕ ಕಲಿಸಿದರು. ಅಂಥವರ ಮರಿಮಕ್ಕಳಾದ ನನ್ನ ವಿದ್ಯಾರ್ಥಿಗಳು ಹೋದ ವರ್ಷದ ಪರೀಕ್ಷೆಯಲ್ಲಿ ಸುತ್ತುಗಳಿಗೆ ಕಣ್ಣು, ಮೂಗು, ಮೀಸೆ ಬರೆದಿಟ್ಟರು. ಯಂತ್ರಕ್ಕೆ ಮೀಸೆ ತಿಳಿಯಲಿಲ್ಲ. ಸುತ್ತಲಿನ ಶಾಲೆಗಳಲ್ಲೆಲ್ಲ ನಾವೇ ಕೊನೆ. ಯಾದಗಿರಿಯ ಸಭೆಯಲ್ಲಿ ಸಾಹೇಬರು ನನ್ನನ್ನು ಎಬ್ಬಿಸಿ ನಿಲ್ಲಿಸಿ ಕಾರಣ ಕೇಳಿದರು. “ಚಿತ್ರಕಲಾ ಚಲೋ ಐತ್ರೀ ಸರ್,” ಎಂದೆ. ಯಾರೂ ನಗಲಿಲ್ಲ. ಈ ಸಲವೂ ಕೊನೆಗೆ ಬಂದರೆ ಮೇ ತಿಂಗಳಿಡೀ ಯಾದಗಿರಿಯಲ್ಲಿ ವಿಶೇಷ ತರಬೇತಿ ಎಂದರು. ಯಾದಗಿರಿಯ ಮೇ ತಿಂಗಳನ್ನು ಕಂಡವರಿಗೆ ಹೆಚ್ಚು ಹೇಳಬೇಕಿಲ್ಲ. ಕಾಣದವರಿಗೆ, ನಳದ ನೀರಿಗೆ ನೇರವಾಗಿ ಚಹಾಪುಡಿ ಹಾಕಬಹುದು ಎಂದರೆ ಸಾಕು.

ಹಾಗಾಗಿ ಈ ವರ್ಷ ನಾನು ತಲೆ ಓಡಿಸಿದೆ. ಗೋಡೆಗೆ ಬಳಿದು ಉಳಿದಿದ್ದ ಬಣ್ಣದಿಂದ ಶಾಲೆಯ ಪಡಸಾಲೆಯಲ್ಲಿ ನಾಲ್ಕು ದೊಡ್ಡ ಸುತ್ತು ಬರೆದೆ. ನಾನು ಪ್ರಶ್ನೆ ಓದುವುದು; ಮಕ್ಕಳು ಓಡಿಹೋಗಿ ಸರಿಯುತ್ತರದ ಸುತ್ತಿನಲ್ಲಿ ನಿಲ್ಲುವುದು; ಆಮೇಲೆ ಒಳಗೆ ಬಂದು ಹಾಳೆಯ ಮೇಲಿನ ಸುತ್ತು ತುಂಬುವುದು. ಮಕ್ಕಳಿಗೆ ಇದು ಎಷ್ಟು ಹಿಡಿಸಿತೆಂದರೆ ಊಟದ ಗಂಟೆ ಹೊಡೆದರೂ ಇನ್ನೊಂದು ಪ್ರಶ್ನೆ ಕೇಳಿರೆಂದು ಪೀಡಿಸುತ್ತಿದ್ದರು. ನನ್ನ ಪದ್ಧತಿಯಲ್ಲಿ ಇದ್ದದ್ದು ಒಂದೇ ದೋಷ. ಅದರ ಹೆಸರು ನಿಂಗಮ್ಮ. ತರಗತಿಯಲ್ಲೇ ಚುರುಕಾದ ಹುಡುಗಿ. ಅವಳು ಹೋದ ಸುತ್ತಿಗೆ ಉಳಿದವರೆಲ್ಲ ಹೋಗುತ್ತಿದ್ದರು. “ನಿಮ್ಮ ತಲಿ ನೀವು ಓಡಸ್ರಿ, ಇನ್ನೊಬ್ಬರ ಕಾಲು ನೋಡಬ್ಯಾಡ್ರಿ!” ಎಂದು ದಿನಾ ಗಂಟಲು ಹರಿದುಕೊಂಡೆ. ನಿಂಗಮ್ಮನಿಗೂ ಬೇಸರವಾಗಿ, ಬೇಕೆಂದೇ ಮೊದಲು ತಪ್ಪು ಸುತ್ತಿಗೆ ಹೋಗಿ, ಹಿಂಡು ಬಂದ ಮೇಲೆ ಪಕ್ಕದ ಸುತ್ತಿಗೆ ಜಿಗಿಯತೊಡಗಿದಳು. ಹಿಂಡೂ ಜಿಗಿಯತೊಡಗಿತು.

ಪರೀಕ್ಷೆಯ ದಿನ ಶಹಾಪುರದಿಂದ ಮೇಲ್ವಿಚಾರಕರೊಬ್ಬರು ಬಂದರು. ಅಂಗಿಗೆ ಗರಿಗರಿ ಇಸ್ತ್ರಿ. ಎದೆಯ ಮೇಲಿನ ಗುಂಡಿಯೊಂದು ಮಾತ್ರ ಬಸ್ಸಿನ ನೂಕುನುಗ್ಗಲಿನಲ್ಲಿ ಕಿತ್ತುಹೋಗಿತ್ತು. ಚಿಕ್ಕ ತರಗತಿಗಳಿಗೆ ಪ್ರಶ್ನೆಯನ್ನು ಗಟ್ಟಿಯಾಗಿ ಓದಿ ಹೇಳಬೇಕು, ಅದರ ಮೇಲೆ ಒಂದಕ್ಷರವನ್ನೂ ಆಡಬಾರದು ಎಂಬುದು ನಿಯಮ. ಅವರು ಕನ್ನಡಕ ಏರಿಸಿ ಮೊದಲ ಪ್ರಶ್ನೆ ಓದಿದರು. ಒಂದು ಬಸ್ಸಿನಲ್ಲಿ ಐವತ್ತು ಜನ ಕೂರಬಹುದು. ನೂರು ಜನರಿಗೆ ಎಷ್ಟು ಬಸ್ಸು ಬೇಕು? ಎ, ಒಂದು. ಬಿ, ಎರಡು. ಸಿ, ಮೂರು. ಡಿ, ನಾಲ್ಕು.

ಓದಿ ತಲೆ ಎತ್ತುವಷ್ಟರಲ್ಲಿ ತರಗತಿ ಖಾಲಿಯಾಗಿತ್ತು.

“ಪರೀಕ್ಷಾ ಬಿಟ್ಟು ಎಲ್ಲಿ ಓಡಾಕತ್ತಾರ್ರೀ ಮೇಡಮ್?”

“ಉತ್ತರಾ ಹೇಳಾಕ ಹೋಗ್ಯಾರ್ರೀ ಸರ್,” ಎಂದೆ, ಗೋಡೆಯೊಳಗೆ ಸೇರಿಕೊಳ್ಳಲು ಬರುವಂತಿದ್ದರೆ ಎಂದುಕೊಳ್ಳುತ್ತ.

ಇಬ್ಬರೂ ಹಿಂದೆಯೇ ಓಡಿದೆವು. ಇಡೀ ತರಗತಿ ಎ ಸುತ್ತಿನಲ್ಲಿ ನಿಂತಿತ್ತು. ಒಂದೇ ಬಸ್ಸು! ಅವರ ತಪ್ಪಾದರೂ ಏನು? ಒಂದು ಬಸ್ಸಿನಲ್ಲಿ ನೂರು ಜನ ಹೋಗುವುದನ್ನು ಅವರು ಹುಟ್ಟಿದಾಗಿನಿಂದ ಕಂಡಿದ್ದಾರೆ. ನೂರಾ ಒಂದನೆಯವರು ಹತ್ತಿದಾಗಲೂ “ಒಳಗ ಸರೀರಿ” ಎನ್ನುವ ಕಂಡಕ್ಟರನ್ನೂ ಕಂಡಿದ್ದಾರೆ. ನಿಂಗಮ್ಮ ಮಾತ್ರ ಹುಬ್ಬು ಗಂಟಿಕ್ಕಿಕೊಂಡು ಕೇಳಿದಳು: “ಸರ್, ಕೂಡೋದು ಕೇಳ್ಯಾರೋ, ಹೋಗೋದು ಕೇಳ್ಯಾರೋ?”

ಮೇಲ್ವಿಚಾರಕರ ಬಾಯಿ ತೆರೆಯಿತು, ನಿಯಮ ನೆನಪಾಗಿ ಮುಚ್ಚಿತು. ಕೈ ತಾನಾಗಿ ಗುಂಡಿ ಹೋದ ಜಾಗವನ್ನು ಸವರಿತು. ಅವರು ಪ್ರಶ್ನೆಯನ್ನೇ ಇನ್ನೊಮ್ಮೆ ಓದಿದರು. ನಿಂಗಮ್ಮ “ಹಾಂ!” ಎಂದು ಬಿ ಸುತ್ತಿಗೆ ಜಿಗಿದಳು. ಹಿಂದೆಯೇ ಹಿಂಡು. ಇಡೀ ಮೇ ತಿಂಗಳು ನನ್ನ ಎದೆಯ ಮೇಲಿಂದ ಇಳಿದು ಹೋಯಿತು.

ಆದರೆ ಎ ಸುತ್ತಿನಲ್ಲಿ ಒಬ್ಬಳು ಉಳಿದಿದ್ದಳು. ಬಸಮ್ಮ. ಎಲ್ಲರಿಗಿಂತ ಗಿಡ್ಡಿ, ವರ್ಷವಿಡೀ ಹಿಂಡಿನ ಬಾಲ ಹಿಡಿದು ಓಡಿದವಳು.

“ನೀ ಯಾಕ ಹೋಗಲಿಲ್ಲವ್ವಾ?”

“ಒಂದು ಬಸ್ ಸಾಕ್ರೀ ಟೀಚರ್. ನಾ ನಮ್ಮವ್ವನ ತೊಡಿ ಮ್ಯಾಲ ಕೂಡ್ತೀನಿ.”

ನಾನು ವರ್ಷಪೂರ್ತಿ ಕಿರುಚಿದ್ದು ಇದಕ್ಕೇ ಅಲ್ಲವೇ? ಯಾರ ಕಾಲನ್ನೂ ನೋಡದೆ, ತನ್ನದೇ ತಲೆ ಓಡಿಸಿ, ಒಂದು ಮಗು ಒಂಟಿಯಾಗಿ ನಿಂತಿತ್ತು. ಉತ್ತರ ತಪ್ಪಾದರೆ ಆಗಲಿ! ನನಗೆ ಕಣ್ಣು ತುಂಬಿ ಬಂತು. ಪರೀಕ್ಷೆ, ತರಬೇತಿ ಎಲ್ಲ ಮರೆತು ಸುತ್ತಿನೊಳಗೆ ಹೋದೆ, ಅವಳ ಹೆಗಲ ಮೇಲೆ ಕೈಯಿಟ್ಟು ನಿಂತೆ.

ಟೀಚರೇ ಎ ಸುತ್ತಿನಲ್ಲಿ! ನಿಂಗಮ್ಮ ನೋಡಿದಳು. ಹಿಂಡು ನೋಡಿತು. ಎಲ್ಲರೂ ಧಡಧಡ ಓಡಿ ಬಂದು ನಮ್ಮ ಮೇಲೆಯೇ ಬಿದ್ದರು. “ಬ್ಯಾಡ, ಬ್ಯಾಡ್ರೋ!” ಎಂದು ನಾನು ಶುರು ಮಾಡಿದರೆ ಮೇಲ್ವಿಚಾರಕರು ಬೆರಳೆತ್ತಿ, “ಒಂದಕ್ಷರ ಹೇಳಂಗಿಲ್ರೀ ಮೇಡಮ್,” ಎಂದರು. ಅಷ್ಟರಲ್ಲಿ ನನ್ನ ಕೈಯ ಕೆಳಗಿನಿಂದ ಬಸಮ್ಮ ನುಸುಳಿದಳು. ಅವರಿವರ ಮೊಣಕೈ ತಳ್ಳಿ ಹೊರಗೆ ಬಂದು, ಬಿಮ್ಮಗೆ ಬಿ ಸುತ್ತಿಗೆ ನಡೆದುಹೋದಳು.

“ಅಲ್ಲಿ ಉಸಿರಾಡಾಕ ಜಾಗಾ ಇಲ್ರೀ ಟೀಚರ್. ಇನ್ನೊಂದು ಬಸ್ ಬೇಕ್ರೀ.”

ಉಳಿದ ಮಕ್ಕಳು ಒಳಗೆ ಹೋಗಿ ಎ ಸುತ್ತನ್ನು ಅಂದವಾಗಿ, ಗೆರೆ ದಾಟದಂತೆ, ಮೀಸೆ ಬರೆಯದೆ ತುಂಬಿದರು. ಆ ಒಂದೇ ಪ್ರಶ್ನೆಯ ಅಂತರದಲ್ಲಿ ನಾವು ಮತ್ತೆ ಕೊನೆಗೆ ಬಂದೆವು. ಸಭೆಯಲ್ಲಿ ಮತ್ತೆ ಎದ್ದು ನಿಂತೆ. ಮತ್ತೆ ಕಾರಣ ಕೇಳಿದರು.

“ಮಕ್ಕಳದೇನೂ ತಪ್ಪಿಲ್ರೀ ಸರ್,” ಎಂದೆ. “ತಪ್ಪು ಸುತ್ತಿನ್ಯಾಗ ನಾನೇ ಹೋಗಿ ನಿಂತಿದ್ದೆ. ನನ್ನ ಬಿಟ್ಟು ಹೋದಾಕಿ ಒಬ್ಬಾಕಿ ಪಾಸಾಗ್ಯಾಳ್ರೀ.”